ಅಪರಿಚಿತರಿಗೆ ಮೂರು ಪ್ರಶ್ನೆ

ಮನುಷ್ಯನು ತಾನು ಯಾರೆಂದು ಅರಿತುಕೊಳ್ಳುವ ಬಗೆಯನ್ನು ಅಸ್ಮಿತೆ ಎನ್ನುತ್ತಾರೆ. ಪೋಲೆಂಡಿನ ನಿರ್ದೇಶಕ ಕೀಸ್ಲೊವ್ಸ್ಕಿ 1980ರಲ್ಲಿ ರೂಪಿಸಿದ ‘ಟಾಕಿಂಗ್ ಹೆಡ್ಸ್’ ಸುಮಾರು 15 ನಿಮಿಷಗಳ ಸಾಕ್ಷ್ಯಚಿತ್ರ, ಎಂದರೆ ಕಲ್ಪಿತ ಕಥೆಯ ಬದಲು ನಿಜವಾದ ಜನರನ್ನೇ ತೋರಿಸುವ ಚಿತ್ರ. ಅದು ಈ ಅಸ್ಮಿತೆಯನ್ನು ಅರಸುವುದಕ್ಕೆ ಮೂರೇ ಪ್ರಶ್ನೆಗಳನ್ನು ನೆಚ್ಚಿಕೊಂಡಿದೆ. ಹುಟ್ಟಿದ್ದು ಯಾವಾಗ, ತಾವು ಯಾರು, ಎಲ್ಲಕ್ಕಿಂತ ಹೆಚ್ಚಾಗಿ ಬಯಸುವುದೇನು ಎಂದು, ಮಾತು ಬಾರದ ಕೂಸಿನಿಂದ ಆರಂಭಿಸಿ ನೂರು ವರ್ಷದ ವೃದ್ಧೆಯವರೆಗೆ, ವಯಸ್ಸು ಏರುವ ಕ್ರಮದಲ್ಲಿ ಒಬ್ಬೊಬ್ಬರನ್ನೂ ಕೇಳಲಾಗುತ್ತದೆ.

ಮೂರರಲ್ಲಿ ನಿಜವಾಗಿ ಕಠಿಣವಾದುದು ಎರಡನೆಯದು. ಉದ್ಯೋಗವನ್ನು ಹೇಳಿದರೆ ಉತ್ತರ ಮುಗಿದಂತೆ ತೋರುತ್ತದೆ. ಆದರೆ ಅದರ ಬೆನ್ನಲ್ಲೇ ಬಯಕೆಯ ಪ್ರಶ್ನೆ ಬರುವುದರಿಂದ, ಉದ್ಯೋಗದ ಹಿಂದಿರುವ ವ್ಯಕ್ತಿ ಹೊರಬರಲೇಬೇಕಾಗುತ್ತದೆ. ಕಮ್ಯುನಿಸ್ಟ್ ಆಡಳಿತದಲ್ಲಿದ್ದ ಆ ದೇಶದ ಹಲವರು ಸ್ವಾತಂತ್ರ್ಯವನ್ನೂ ನ್ಯಾಯವನ್ನೂ ಬಯಸಿದರು. ಕೊನೆಯ ವೃದ್ಧೆ ಬಯಸಿದ್ದು ಇನ್ನಷ್ಟು ಕಾಲ ಬದುಕುವುದನ್ನು.

ಅಪರಿಚಿತರು ಇಷ್ಟು ಮನಬಿಚ್ಚಿ ಮಾತನಾಡುವುದಕ್ಕೆ, ಕೇಳುವವನು ಅವರನ್ನು ತೂಗಿ ನೋಡದೆ ಸುಮ್ಮನೆ ಆಲಿಸಿದ್ದೂ ಕಾರಣವಿರಬೇಕು.

ಭಾರತದಲ್ಲಿ ಈ ಚಿತ್ರಕ್ಕೂ ಮುಂಚೆಯೇ, 1967ರಲ್ಲಿ, ಸರ್ಕಾರಿ ಚಿತ್ರಸಂಸ್ಥೆಯಾದ ಫಿಲಂಸ್ ಡಿವಿಷನ್‌ಗಾಗಿ ಎಸ್. ಎನ್. ಎಸ್. ಶಾಸ್ತ್ರಿ ಅವರು, ದೇಶ ಸ್ವತಂತ್ರವಾದ 1947ರಲ್ಲೇ ಹುಟ್ಟಿ ಇಪ್ಪತ್ತು ತುಂಬಿದ ತರುಣ ತರುಣಿಯರನ್ನು ಮಾತನಾಡಿಸಿ ‘ಐ ಆ್ಯಮ್ 20’ ಎಂಬ ಕಿರುಚಿತ್ರವನ್ನು ನಿರ್ದೇಶಿಸಿದ್ದರು. ಅವಕಾಶ ದೊರೆತ ಕೇಳುಗರು ಎರಡನ್ನೂ ನೋಡಲಿ; ಸಾಧ್ಯವಾದರೆ ಮನೆಯ ಹಿರಿಯರನ್ನೂ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಲಿ.