ಸತ್ಯವೇದದ ಪ್ರಾಮಾಣ್ಯ



ಬೇಲೂರಿನ ಚನ್ನಕೇಶವಸ್ವಾಮಿಯ ದೇವಾಲಯವನ್ನು ಒಮ್ಮೆಯಾದರೂ ನೋಡದವರು ನಮ್ಮ ನಾಡಿನ ವಿದ್ಯಾವಂತರಲ್ಲಿ ವಿರಳ. ಹೊಯ್ಸಳ ವಿಷ್ಣುವರ್ಧನನು 1117ನೆಯ ಇಸವಿಯಲ್ಲಿ ಪ್ರತಿಷ್ಠೆ ಮಾಡಿಸಿದ ಆ ಸ್ವಾಮಿಯ ಸನ್ನಿಧಿಯಿಂದ ಹೊರಬಂದವರು ಮದನಿಕೆಯರ ಮಾತನ್ನೇ ಆಡುತ್ತ ಬರುವುದು ವಾಡಿಕೆ. ಆದರೆ ಅಲ್ಲಿಯ ಶಾಸನವೊಂದರಲ್ಲಿ ಒಂದು ಸಂಸ್ಕೃತ ಶ್ಲೋಕವುಂಟು. ಶೈವರು ಶಿವನೆಂದೂ, ವೇದಾಂತಿಗಳು ಬ್ರಹ್ಮವೆಂದೂ, ಬೌದ್ಧರು ಬುದ್ಧನೆಂದೂ, ನೈಯಾಯಿಕರು ಕರ್ತನೆಂದೂ, ಜೈನರು ಅರ್ಹಂತನೆಂದೂ, ಮೀಮಾಂಸಕರು ಕರ್ಮವೆಂದೂ ಯಾರನ್ನು ಭಾವಿಸುತ್ತಾರೆಯೋ ಅವನೇ ಈ ಕೇಶವನು ಎಂಬುದು ಅದರ ತಾತ್ಪರ್ಯ. ಇತ್ತೀಚಿನವರು ಕ್ರೈಸ್ತರನ್ನೂ ಮಹಮ್ಮದೀಯರನ್ನೂ ಆ ಪಟ್ಟಿಗೆ ಸೇರಿಸಿ ಹಾಡುವುದುಂಟು. ಅದರಲ್ಲಿರುವ ಔದಾರ್ಯವನ್ನು ನಾವು ಮೆಚ್ಚುತ್ತೇವೆ. ಆದರೂ ನಮಗೆ ಒಂದು ಸಂದೇಹವುಂಟು. ಹೀಗೆ ಪಟ್ಟಿಗೆ ಸೇರಿದ ಕ್ರೈಸ್ತನು ಅಲ್ಲಿ ನೆಮ್ಮದಿಯಾಗಿ ಕುಳಿತಿರಬಲ್ಲನೇ? ಕುಳಿತಿರಲಾರನೆಂದಾದರೆ ಅದು ಅವನ ಮೊಂಡುತನವೋ, ಅಥವಾ ಅವನ ನಂಬಿಕೆಯ ಸ್ವರೂಪವೇ ಹಾಗಿದೆಯೋ? ಈ ಹೊತ್ತಿನ ನಮ್ಮ ಮಾತು ಈ ಪ್ರಶ್ನೆಯನ್ನು ಕುರಿತದ್ದು.

ಕ್ರೈಸ್ತರು ನಂಬುವ ದೇವರು ಒಬ್ಬನೇ. ಆತನು ಜಗತ್ತನ್ನು ಯಾವ ಉಪಾದಾನವೂ ಇಲ್ಲದೆ ಸೃಷ್ಟಿಸಿದವನು; ಸೃಷ್ಟಿಯಿಂದ ಬೇರೆಯಾದವನು; ಆದರೂ ಅದನ್ನು ಕೈಬಿಡದವನು. ಆ ಒಂದೇ ತತ್ತ್ವದಲ್ಲಿ ತಂದೆ, ಮಗ, ಪವಿತ್ರಾತ್ಮ ಎಂದು ಮೂವರನ್ನು ಅವರು ಹೇಳುತ್ತಾರೆ. 325ರಲ್ಲಿ ನೈಸಿಯದಲ್ಲಿಯೂ 381ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿಯೂ ನೆರೆದ ಧರ್ಮಸಭೆಗಳು ಈ ನಂಬಿಕೆಗೆ ಮಾತಿನ ರೂಪವನ್ನು ಕೊಟ್ಟವು. ಇದಿಷ್ಟೇ ಆಗಿದ್ದರೆ ಬೇಲೂರಿನ ಶ್ಲೋಕಕ್ಕೆ ಹೆಚ್ಚಿನ ತೊಡಕಿರಲಿಲ್ಲ. ನೈಯಾಯಿಕರ ಕರ್ತನ ಪಕ್ಕದಲ್ಲಿ ಈ ದೇವರಿಗೂ ಒಂದು ಸ್ಥಳ ದೊರೆಯುತ್ತಿದ್ದಿತು. ತೊಡಕು ಬರುವುದು ಮುಂದಿನ ಮಾತಿನಲ್ಲಿ. ಆ ದೇವರು ಒಂದು ಕಾಲದಲ್ಲಿ, ಒಂದು ದೇಶದಲ್ಲಿ, ರೋಮಿನ ಅಧಿಕಾರಿಯೊಬ್ಬನ ಆಳಿಕೆಯಲ್ಲಿ, ಬಡಗಿಯ ಮನೆಯಲ್ಲಿ ಬೆಳೆದ ಮನುಷ್ಯನಾಗಿ ಬಂದನೆಂಬುದು ಅವರ ಮತದ ತಿರುಳು. ನಡೆದ ಸಂಗತಿಯೊಂದನ್ನು ಹೀಗೆ ಆಧಾರವಾಗಿ ಹಿಡಿದವನಿಗೆ ಸಾಕ್ಷ್ಯ ಬೇಕು. ಆ ಸಾಕ್ಷ್ಯವಿರುವುದು ಗ್ರಂಥದಲ್ಲಿ. ಅದರಿಂದಲೇ ಕ್ರೈಸ್ತಮತದಲ್ಲಿ ದೇವರ ವಿಚಾರವೂ ಗ್ರಂಥದ ವಿಚಾರವೂ ಒಂದನ್ನೊಂದು ಬಿಟ್ಟಿರಲಾರವು.

ಆ ಗ್ರಂಥಕ್ಕೆ ಕನ್ನಡದ ಪ್ರೊಟೆಸ್ಟೆಂಟರು ಇಟ್ಟ ಹೆಸರು 'ಸತ್ಯವೇದ'. ಹೆಸರು ಸೊಗಸಾಗಿದೆ, ಆದರೆ ನಮ್ಮನ್ನು ದಾರಿ ತಪ್ಪಿಸುವ ಸಂಭವವೂ ಉಂಟು. ವೇದವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಮೀಮಾಂಸಕರು ಹೇಳುವ ಅಪೌರುಷೇಯತ್ವ. ವೇದವನ್ನು ರಚಿಸಿದವರು ಯಾರೂ ಇಲ್ಲ, ಈಶ್ವರನೂ ಅಲ್ಲ. ಕರ್ತೃವಿಲ್ಲದುದರಿಂದಲೇ ಅದರಲ್ಲಿ ಕರ್ತೃದೋಷವಿಲ್ಲ. ಆದುದರಿಂದ ಅದು ಪ್ರಮಾಣ ಎಂಬುದು ಅವರ ವಾದ. ಕ್ರೈಸ್ತರ ಗ್ರಂಥವಾದರೋ ಎಲ್ಲೆಡೆಯಲ್ಲಿಯೂ ಮನುಷ್ಯರ ಕೈಗುರುತನ್ನು ತೋರಿಸುತ್ತದೆ. ಲೂಕನು ತನ್ನ ಸುವಾರ್ತೆಯ ಮೊದಲಲ್ಲಿಯೇ, ತಾನು ಕಣ್ಣಾರೆ ಕಂಡವರಿಂದ ಬಂದ ಸಂಗತಿಗಳನ್ನು ಮೊದಲಿಂದ ವಿಚಾರಿಸಿ ಕ್ರಮವಾಗಿ ಬರೆಯುವುದಾಗಿ ತಿಳಿಸುತ್ತಾನೆ. ಪೌಲನ ಹೆಸರಿನ ಪತ್ರವೊಂದರಲ್ಲಿ, ಊರೊಂದರಲ್ಲಿ ಬಿಟ್ಟುಬಂದ ಮೇಲಂಗಿಯನ್ನು ಬರುವಾಗ ತೆಗೆದುಕೊಂಡು ಬಾ ಎಂಬ ಮಾತೂ ಇದೆ. ಮೇಲಂಗಿಯ ಮಾತು ವೇದವಾಗುವುದು ಹೇಗೆ ಎಂದು ನಮ್ಮ ಪಂಡಿತರು ನಕ್ಕರೆ ಆಶ್ಚರ್ಯವಿಲ್ಲ.

ನಾವು ಇದಕ್ಕೆ ಬೇಲೂರಿನಿಂದಲೇ ಒಂದು ದೃಷ್ಟಾಂತವನ್ನು ಕೊಡಬಯಸುತ್ತೇವೆ. ಅಲ್ಲಿಯ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೊರೆದಿದ್ದಾರೆ, ಬಿರುದುಗಳನ್ನೂ ಬಿಟ್ಟಿಲ್ಲ. ದೇವರ ಮನೆಯ ಮೇಲೆ ಮನುಷ್ಯರ ರುಜು ಬಿದ್ದಿತೆಂದು ಇಂದಿನವರೆಗೆ ಯಾವ ಭಕ್ತನೂ ಹಿಂದಿರುಗಿ ಹೋಗಿಲ್ಲ. ಸತ್ಯವೇದವು ದೈವಪ್ರೇರಿತವೆಂದು ಕ್ರೈಸ್ತರು ಹೇಳುವಾಗ ಅವರ ಪ್ರೌಢ ವಿದ್ವಾಂಸರ ಅಭಿಪ್ರಾಯವು ಇದಕ್ಕೆ ಸಮೀಪವಾದುದು. ಕೈ ಮನುಷ್ಯರದು, ಅವರ ಭಾಷೆ, ಅವರ ಕಾಲದ ತಿಳಿವಳಿಕೆ, ಅವರ ಮೇಲಂಗಿ ಎಲ್ಲವೂ ಅವರದೇ. ಆದರೂ ಕಟ್ಟಡ ದೇವರದು. ನಮ್ಮ ದರ್ಶನಗಳ ಮಾತಿನಲ್ಲಿ ಹೇಳುವುದಾದರೆ ಇದು ಮೀಮಾಂಸೆಗಿಂತ ನ್ಯಾಯಕ್ಕೆ ಹತ್ತಿರ. ಆಪ್ತನ ವಾಕ್ಯವಾದುದರಿಂದ ಪ್ರಮಾಣವೇ ಹೊರತು, ಆಡಿದವನೇ ಇಲ್ಲವೆಂಬುದರಿಂದಲ್ಲ.

ಹಾಗಾದರೆ ಆ ವಾಕ್ಯದ ಅರ್ಥವನ್ನು ನಿರ್ಣಯಿಸತಕ್ಕವರು ಯಾರು? ಇಲ್ಲಿ ಕ್ರೈಸ್ತರಲ್ಲಿಯೇ ಒಡಕುಂಟು. ಗ್ರಂಥದೊಡನೆ ಪರಂಪರೆಯೂ ಬೇಕು, ವ್ಯಾಖ್ಯಾನದ ಅಧಿಕಾರವು ಧರ್ಮಸಭೆಗೆ ಸೇರಿದುದು ಎಂದು ಕ್ಯಾಥೊಲಿಕರು; ಕಡೆಯ ಮಾತು ಗ್ರಂಥದ್ದೇ ಎಂದು ಪ್ರೊಟೆಸ್ಟೆಂಟರು. ಗ್ರಂಥಗಳ ಎಣಿಕೆಯಲ್ಲಿಯೂ ಭೇದವಿದ್ದು, ಮೊದಲಿನವರಿಗೆ 73, ಎರಡನೆಯವರಿಗೆ 66. ಯೂರೋಪಿನಲ್ಲಿ ಈ ವಾದಕ್ಕಾಗಿ ರಕ್ತವೇ ಹರಿಯಿತು. ನಮ್ಮ ನಾಡಿನಲ್ಲಿ ಅದು ಒಂದು ಕರುವಿನ ಮೂಲಕ ಎದ್ದು ನಿಂತಿತೆಂದರೆ ಶ್ರೋತೃಗಳು ನಂಬಲಾರರು. ಆದರೂ ಕೇಳಬೇಕು.

ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿಗಳ ಹೆಸರನ್ನು ನಮ್ಮಲ್ಲಿ ಅನೇಕರು ಬಲ್ಲರು. 1792ರಲ್ಲಿ ಫ್ರಾನ್ಸನ್ನು ಬಿಟ್ಟು, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಚದರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದವರು ಅವರು. ಹಾಸನದ ಕಡೆಯಲ್ಲಿ ಬೇಸಾಯಗಾರರಾದ ಕ್ರೈಸ್ತರ ಗ್ರಾಮಗಳಿಗೆ ನೆಲೆ ಕೊಟ್ಟರು. ಸಿಡುಬಿಗೆ ದೇವಿ ಹಾಕುವುದನ್ನು ಹಳ್ಳಿಹಳ್ಳಿಗೆ ಒಯ್ದರು. ನಮ್ಮವರ ಉಡಿಗೆಯನ್ನು ಉಟ್ಟು, ನಮ್ಮವರ ಊಟವನ್ನು ಉಂಡು ಬಾಳಿದ ಅವರನ್ನು ಜನರು 'ದೊಡ್ಡ ಸ್ವಾಮಿಗಳು' ಎಂದು ಕರೆದರು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತು ಅವರು ಬರೆದ ಗ್ರಂಥವನ್ನು ಕಂಪೆನಿ ಸರ್ಕಾರವು ಕೊಂಡುಕೊಂಡು 1816ರಲ್ಲಿ ಇಂಗ್ಲೀಷಿನಲ್ಲಿ ಅಚ್ಚು ಹಾಕಿಸಿತು. ಆ ಗ್ರಂಥದ ಗುಣದೋಷಗಳು ಬೇರೊಂದು ದಿನದ ವಿಷಯ. ಅದರಲ್ಲಿ ದೋಷಗಳು ಕಡಮೆಯೇನೂ ಇಲ್ಲ.

ಈ ದುಬ್ವಾ ಮಹಾಶಯರು ಒಂದು ದಿನ ತಮ್ಮ ಸಭೆಗೆ, ಮನೆ ಬಿಟ್ಟು ಹೋಗಿ ಆಸ್ತಿಯನ್ನೆಲ್ಲ ಹಾಳುಮಾಡಿಕೊಂಡು ಹಿಂದಿರುಗಿದ ಮಗನ ಕಥೆಯನ್ನು ವಿವರಿಸಿದರು. ಕಥೆಯಲ್ಲಿ ತಂದೆಯು ಮಗನನ್ನು ದೂರದಲ್ಲಿಯೇ ಕಂಡು ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಬಳಿಕ ಕೊಬ್ಬಿದ ಕರುವನ್ನು ಕೊಯ್ಯಿಸಿ ಔತಣ ಮಾಡುತ್ತಾನೆ. ಪ್ರಸಂಗವು ಮುಗಿದ ತರುವಾಯ ಸಭೆಯವರು ಮುಖ ಗಂಟುಹಾಕಿಕೊಂಡು ಗುರುಗಳ ಬಳಿಗೆ ಬಂದರಂತೆ. ಕರುವಿನ ಮಾತನ್ನು ಎತ್ತಿದ್ದು ಸರಿಯಲ್ಲ, ಅನ್ಯಮತದವರು ಯಾರಾದರೂ ಅಲ್ಲಿದ್ದು ಕೇಳಿದ್ದರೆ ನಮ್ಮನ್ನೆಲ್ಲ ಹೊಲೆಯರೆಂದೇ ನಿಶ್ಚಯಿಸುತ್ತಿದ್ದರು, ಇನ್ನು ಮುಂದೆ ಕರುವಿಗೆ ಬದಲಾಗಿ ಕುರಿಮರಿಯೆಂದು ಹೇಳಿರಿ ಎಂದು ಅವರ ಬಿನ್ನಹ. ಇದನ್ನು ದುಬ್ವಾ ಅವರೇ ಬರೆದಿಟ್ಟಿದ್ದಾರೆ.

ಈ ಸಣ್ಣ ಪ್ರಸಂಗದಲ್ಲಿ ಎಷ್ಟೊಂದು ಸಂಗತಿಗಳು ಅಡಗಿವೆ! ಆ ಹಳ್ಳಿಗರ ಅಂಜಿಕೆಯನ್ನು ನಾವು ಹಗುರವಾಗಿ ಕಾಣಬಾರದು. ನೆರೆಹೊರೆಯೊಡನೆ ಬಾಳಬೇಕಾದವರು ಅವರು. ಒಂದು ಮಾತಿನಿಂದ ಬಾವಿಯ ನೀರೂ ಹೆಣ್ಣುಗಂಡಿನ ಸಂಬಂಧವೂ ತಪ್ಪಿಹೋಗಬಹುದಾದ ಕಾಲ ಅದು. ಹಾಗೆಯೇ ಅವರ ಅಂಜಿಕೆಯಲ್ಲಿ ತಮಗಿಂತ ಕೆಳಗಿನವರೆಂದು ಎಣಿಸಿದವರ ಮೇಲಿನ ತಾತ್ಸಾರವೂ ಬೆರೆತಿದ್ದಿತೆಂಬುದನ್ನು ಮುಚ್ಚಿಡುವುದು ಸಲ್ಲದು. ಬೆಸ್ತರನ್ನು ಶಿಷ್ಯರಾಗಿ ಆರಿಸಿಕೊಂಡವನ ಗ್ರಂಥವು ಆ ತಾತ್ಸಾರಕ್ಕೆ ಎಡೆ ಕೊಡುವುದಿಲ್ಲ.

ದುಬ್ವಾ ಅವರು ಈ ಅನುಭವದಿಂದ ತೆಗೆದ ಸಿದ್ಧಾಂತವು ಕಠಿನವಾದುದು. 1823ರಲ್ಲಿ ಹಿಂದೂದೇಶವನ್ನು ಬಿಟ್ಟುಹೋದ ವರ್ಷವೇ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಸಿದ್ಧತೆಯಿಲ್ಲದ ಜನರ ಕೈಗೆ ಗ್ರಂಥವನ್ನು ಬರಿದಾಗಿ ಕೊಡುವುದರಿಂದ ಕೇಡೇ ಹೊರತು ಒಳ್ಳೆಯದಾಗದೆಂದು ಅವರು ವಾದಿಸಿದರು. ದೇಶಭಾಷೆಗಳಲ್ಲಿ ಆಗ ನಡೆಯುತ್ತಿದ್ದ ಅನುವಾದಗಳ ಶೈಲಿಯು ಕೀಳಾದುದು, ಪದ್ಯದ ಗಾಂಭೀರ್ಯಕ್ಕೆ ಪಳಗಿದ ಜನರು ಅದನ್ನು ಕಂಡು ಹೀಯಾಳಿಸುವರು ಎಂದರು. ಅಷ್ಟು ವರ್ಷ ದುಡಿದರೂ ತಮ್ಮಿಂದ ಹೊಸದಾಗಿ ಮತಕ್ಕೆ ಸೇರಿದವರು ಇನ್ನೂರು ಮುನ್ನೂರು ಜನಕ್ಕೆ ಮೀರಲಿಲ್ಲವೆಂದೂ ಒಪ್ಪಿಕೊಂಡರು. ಅಂಥ ಮಾತನ್ನು ಬರೆಯಬಲ್ಲ ಪಾದ್ರಿಗಳು ಯಾವ ಕಾಲದಲ್ಲಿಯೂ ಅಪರೂಪ. 1824ರಲ್ಲಿಯೇ ಜೇಮ್ಸ್ ಹಫ್ ಎಂಬ ಇಂಗ್ಲೀಷ್ ಪಾದ್ರಿಗಳು ಇದಕ್ಕೆ ಪ್ರತ್ಯುತ್ತರವಾಗಿ ಒಂದು ಪುಸ್ತಕವನ್ನೇ ಬರೆದರು.

ಇತ್ತ ಬಳ್ಳಾರಿಯಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಿಂದ ನೆಲಸಿ ಸತ್ಯವೇದವನ್ನು ಕನ್ನಡಿಸುತ್ತಿದ್ದರು. ಅವರ ಜೊತೆಯವರಾದ ರೀವ್ ಮಹಾಶಯರಿಂದ ಕನ್ನಡಕ್ಕೆ ನಿಘಂಟುಗಳೂ ಬಂದವು. 1830ರ ದಶಕದ ಮೊದಲ ಭಾಗಕ್ಕೆ ಸಮಗ್ರ ಸತ್ಯವೇದವು ಕನ್ನಡದಲ್ಲಿ ಅಚ್ಚಾಯಿತು. ಅದರ ಶೈಲಿಯು ಮುಂದಿನವರಿಗೆ ಒಪ್ಪಿಗೆಯಾಗಲಿಲ್ಲ. ಬಾಸೆಲ್ ಮಿಷನ್ನಿನವರೂ ಬೇರೆಯವರೂ ಮತ್ತೆ ಮತ್ತೆ ತಿದ್ದಿದರು. ಆ ಮಟ್ಟಿಗೆ ದುಬ್ವಾ ಅವರ ಟೀಕೆಯು ನಿಜವಾಯಿತೆನ್ನಬೇಕು. ಪದ್ಯದ ವಿಷಯದಲ್ಲಿ ಅವರು ಹೇಳಿದುದನ್ನು ಕಿಟ್ಟೆಲ್ ಪಂಡಿತರು ತಮ್ಮದೇ ರೀತಿಯಲ್ಲಿ ಮನಗಂಡಂತೆ ತೋರುತ್ತದೆ. 1862ರಲ್ಲಿ ಅವರು ಕ್ರಿಸ್ತನ ಚರಿತೆಯನ್ನು 'ಕಥಾಮಾಲೆ' ಎಂಬ ಹೆಸರಿನಿಂದ ಕನ್ನಡ ಪದ್ಯದಲ್ಲಿಯೇ ರಚಿಸಿದರು.

ಆದರೆ ಮುಖ್ಯ ಪ್ರಶ್ನೆ ಶೈಲಿಯದಲ್ಲ, ಕರುವಿನದು. ದುಬ್ವಾ ಅವರ ಕಾಲದಲ್ಲಿ ಪೂಜೆಯ ಪಾಠಗಳು ಲತೀನಿನಲ್ಲಿ ನಡೆಯುತ್ತಿದ್ದುವು. ಸಭೆಯವರಿಗೆ ತಿಳಿಯುತ್ತಿದ್ದುದು ಗುರುಗಳು ಜನರ ಭಾಷೆಯಲ್ಲಿ ಹೇಳಿದುದು ಮಾತ್ರ. ಲತೀನಿನಲ್ಲಿ ಕರುವೇ ಉಳಿದು, ಪ್ರಸಂಗದಲ್ಲಿ ಕುರಿಮರಿಯಾದರೆ ಕೇಳುವವನಿಗೆ ಗೊತ್ತಾಗುವ ಬಗೆಯೇ ಇರಲಿಲ್ಲ. ಕಥೆಯ ಸಾರವು ತಂದೆಯು ಓಡಿಬಂದುದರಲ್ಲಿದೆ, ಪ್ರಾಣಿ ಯಾವುದಾದರೇನು ಎಂದು ಕೆಲವರು ಹೇಳುವರು. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು. ಈಗ ನಮ್ಮ ಅಭಿಪ್ರಾಯವು ಬೇರೆ. ಕೇಳುವವರ ಹಿತಕ್ಕಾಗಿ ಇಂದು ಕರುವನ್ನು ಬದಲಾಯಿಸಿದ ಗುರುವು, ನಾಳೆ ತನ್ನ ಹಿತಕ್ಕಾಗಿ ಇನ್ನೊಂದನ್ನು ಬದಲಾಯಿಸಿದರೆ ತಡೆಯುವವರಾರು? ಗ್ರಂಥಪ್ರಾಮಾಣ್ಯವೆಂದರೆ ಬುದ್ಧಿಗೆ ಹಾಕಿದ ಬೇಡಿಯೆಂದು ನಮ್ಮ ತರುಣರು ಹೇಳುವುದುಂಟು. ಬೇಡಿಯಾಗುವುದೂ ಉಂಟು, ಸುಳ್ಳಲ್ಲ. ಆದರೆ ಅದು ಮೊದಲು ಕಟ್ಟಿಹಾಕುವುದು ಬೋಧಕನನ್ನು. ತನ್ನ ಕೈಯಲ್ಲಿ ಪುಸ್ತಕವಿದ್ದ ಬಡವನು, 'ಸ್ವಾಮೀ, ಇಲ್ಲಿ ಹಾಗೆ ಬರೆದಿಲ್ಲವಲ್ಲ' ಎಂದು ಕೇಳಬಲ್ಲನು. ಇಷ್ಟರಮಟ್ಟಿಗೆ ನಾವು ಬಳ್ಳಾರಿಯ ಪಕ್ಷದವರು.

ಆದರೂ ಭಾಷಾಂತರಕಾರನು ಮಾತುಗಳನ್ನು ಆರಿಸಲೇಬೇಕಷ್ಟೆ. ಪ್ರತಿಯೊಂದು ಆಯ್ಕೆಯೂ ಒಂದು ಸಣ್ಣ ವ್ಯಾಖ್ಯಾನವೇ ಸರಿ. ದೇವರ ಇಬ್ರಿಯ ನಾಮವನ್ನು ಪ್ರೊಟೆಸ್ಟೆಂಟರ ಕನ್ನಡ ಗ್ರಂಥವು 'ಯೆಹೋವ' ಎಂದೇ ಉಳಿಸಿಕೊಂಡರೆ, ಕ್ಯಾಥೊಲಿಕರು ಅಲ್ಲಿ 'ಸರ್ವೇಶ್ವರ' ಎನ್ನುತ್ತಾರೆ. ಒಂದರಲ್ಲಿ ಪರದೇಶದ ನೆನಪು, ಇನ್ನೊಂದರಲ್ಲಿ ನೆಲದ ಪರಿಚಯ. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ, ದೇವರ ವಾಕ್ಯವು ಮಾಂಸಧಾರಿಯಾದುದನ್ನು ಹೇಳುವೆಡೆಯಲ್ಲಿ, ಹಳೆಯ ಕನ್ನಡ ಭಾಷಾಂತರವು 'ನರಾವತಾರ' ಎಂಬ ಪದವನ್ನು ಬಳಸಿದೆ. ಬೇಲೂರಿನ ಭಿತ್ತಿಗಳಲ್ಲಿ ವರಾಹ ನರಸಿಂಹ ವಾಮನರನ್ನು ಕಂಡವನಿಗೆ ಈ ಮಾತು ಕೂಡಲೇ ಅರ್ಥವಾಗುತ್ತದೆ. ಅರ್ಥವಾದಂತೆಯೇ ಅಪಾರ್ಥವೂ ಆಗುತ್ತದೆ. ನಮ್ಮ ಅವತಾರಗಳು ಯುಗಯುಗಕ್ಕೂ ಬರತಕ್ಕವು. ಕ್ರೈಸ್ತರು ಹೇಳುವುದು ಒಂದೇ ಸಲ ನಡೆದುದು. ಬೇಲೂರಿನ ಶ್ಲೋಕದ ಪಟ್ಟಿಯಲ್ಲಿ ಕ್ರೈಸ್ತನು ನೆಮ್ಮದಿಯಾಗಿ ಕುಳಿತುಕೊಳ್ಳಲಾರನೆಂದು ನಾವು ಮೊದಲು ಶಂಕಿಸಿದುದಕ್ಕೆ ಕಾರಣವು ಈ 'ಒಂದೇ ಸಲ' ಎಂಬ ಮಾತು. ಅದು ಮೊಂಡುತನವಲ್ಲ. ಆ ಮಾತನ್ನು ಬಿಟ್ಟುಕೊಟ್ಟರೆ ಅವನ ಬಳಿ ಉಳಿಯುವುದು ಒಳ್ಳೆಯ ನೀತಿಬೋಧೆ. ದೇವರು ಉಳಿಯುವನೋ ಇಲ್ಲವೋ ಅವನೇ ಹೇಳಬೇಕು. ಪಟ್ಟಿಯ ಕಡೆಯಲ್ಲಿ ಎಲ್ಲರನ್ನೂ ತನ್ನೊಳಗೆ ಮಾಡಿಕೊಳ್ಳುವವನು ಕೇಶವನೇ ಆದುದರಿಂದ, ಶ್ಲೋಕವನ್ನು ಬರೆಸಿದವರೂ ತಮ್ಮ ಮಾತನ್ನು ಬಿಟ್ಟುಕೊಟ್ಟವರಲ್ಲವೆಂಬುದನ್ನು ಇಲ್ಲಿ ಗಮನಿಸಬಹುದು.

ಬೇಲೂರಿನ ಪಕ್ಕದಲ್ಲಿ ಹರಿಯುವ ಯಗಚಿಯು ಮುಂದೆ ಗೊರೂರಿನ ಬಳಿ ಹೇಮಾವತಿಯನ್ನು ಕೂಡುತ್ತದೆ. ಆ ಹೇಮಾವತಿಯ ದಂಡೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 19ನೆಯ ಶತಮಾನದಲ್ಲಿ ಕಟ್ಟಿಸಿದ ದೇವಾಲಯವೊಂದಿದೆ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಊರಿನವರು ಬೇರೆಡೆಗೆ ಹೋಗಿ ನೆಲಸಿದರು. ಮಳೆಗಾಲದಲ್ಲಿ ಅದರ ಗೋಡೆಗಳು ಅರ್ಧಕ್ಕೆ ಮುಳುಗುತ್ತವೆ. ಬೇಸಿಗೆ ಹತ್ತಿದಂತೆ ನೀರಿಳಿದು ಮಾಡಿಲ್ಲದ ಆ ಕಟ್ಟಡದೊಳಕ್ಕೆ ನಡೆದುಹೋಗಬಹುದು. ಕ್ಯಾಥೊಲಿಕರ ಮಹಾಸಭೆಯು 1965ರಲ್ಲಿ ಹೊರಡಿಸಿದ ಶಾಸನದಲ್ಲಿ, ಗ್ರಂಥವು ಎಲ್ಲ ವಿಶ್ವಾಸಿಗಳಿಗೂ ಸುಲಭವಾಗಿ ದೊರೆಯಬೇಕೆಂದೂ, ಮೂಲಭಾಷೆಗಳಿಂದ ಅನುವಾದಗಳಾಗಬೇಕೆಂದೂ, ಅನುಕೂಲವಿದ್ದಲ್ಲಿ ಬೇರೆ ಪಂಗಡದ ಕ್ರೈಸ್ತರೊಡನೆ ಸೇರಿ ಆ ಕೆಲಸವನ್ನು ಮಾಡಬಹುದೆಂದೂ ವಿಧಿಸಿತು. ಹೀಗೆ ದುಬ್ವಾ ಅವರ ವಾರಸುದಾರರೂ ಹ್ಯಾಂಡ್ಸ್ ಅವರ ವಾರಸುದಾರರೂ ಈಗ ಕನ್ನಡದಲ್ಲಿಯೇ ಪಾಠ ಓದುತ್ತಾರೆ. ಹಿಂದಿರುಗಿದ ಮಗನ ಕಥೆಯು ಕ್ಯಾಥೊಲಿಕ್ ದೇವಾಲಯಗಳಲ್ಲಿ ಮೂರು ವರ್ಷಗಳಿಗೊಮ್ಮೆ, ತಪಸ್ಸುಕಾಲದ ನಾಲ್ಕನೆಯ ಭಾನುವಾರದ ಪಾಠವಾಗಿ ಬರುತ್ತದೆ. ಅದು ಸುಮಾರಾಗಿ ಶೆಟ್ಟಿಹಳ್ಳಿಯ ಗೋಡೆಗಳ ಸುತ್ತ ಹಿನ್ನೀರು ಇಳಿಯುವ ಕಾಲ. ಪಾಠದಲ್ಲಿ ಕರುವೇ ಇದೆ.