ಕಂಪೈಲರಿನ ನಡಿಗೆ
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತರಾದ ನಾವು ಕಂಪೈಲರಿನ ಮಾತೆತ್ತಿದರೆ ತಮಗೆ ಸೋಜಿಗವೆನಿಸಬಹುದು. ಆದರೆ ಹೊರನಾಡಿಗೆ ಬಂದು ನೆಲೆಸಿದ ನಮ್ಮ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಈ ಉದ್ಯೋಗದಲ್ಲಿದ್ದಾರೆ. ಅವರ ಕೆಲಸವೇನೆಂದು ಕೇಳಿದರೆ ನಮಗೆ ಹೇಳಲು ಬಾರದು. ಆ ಕೊರತೆಯನ್ನು ಕೊಂಚ ನೀಗಿಸಿಕೊಳ್ಳೋಣ.

ಮನುಷ್ಯರು ಬರೆದ ಆಜ್ಞೆಗಳನ್ನು ಯಂತ್ರದ ಭಾಷೆಗೆ ತಿರುಗಿಸುವ ದುಭಾಷಿಯೇ ಕಂಪೈಲರ್. ಬಡ್ಡಿ ಲೆಕ್ಕದ ಆಜ್ಞೆಗಳನ್ನೇ ನೋಡೋಣ. ‘ಖಾತೆ ಉಳಿದಿದೆಯೆ?’ ಇಲ್ಲದಿದ್ದರೆ ಮುಕ್ತಾಯ. ಇದ್ದರೆ, ‘ಶಿಲ್ಕು ಕಡಮೆಯೆ?’ ಹೌದಾದರೆ ದಂಡ, ಅಲ್ಲವಾದರೆ ಬಡ್ಡಿ. ಎರಡು ಕವಲೂ ‘ಮುಂದಿನ ಖಾತೆ’ಯಲ್ಲಿ ಕೂಡಿ, ಮತ್ತೆ ಮೊದಲಿಗೆ ಮರಳುತ್ತವೆ. ನಡುವೆ ಕವಲೊಡೆಯದ ಆಜ್ಞೆಗಳ ಗುಂಪು ಒಂದೊಂದು ‘ಬ್ಲಾಕ್’. ಬ್ಲಾಕುಗಳನ್ನು ಬಾಣಗಳಿಂದ ಜೋಡಿಸಿದ ನಕ್ಷೆಯೇ ‘ಕಂಟ್ರೋಲ್ ಫ್ಲೋ ಗ್ರಾಫ್’. ಐಬಿಎಂ ಸಂಸ್ಥೆಯ ಫ್ರಾನ್ಸೆಸ್ ಅಲೆನ್ 1970ರಲ್ಲಿ ಇದರ ಶಾಸ್ತ್ರವನ್ನು ಬರೆದರು. 2006ರ ಟ್ಯೂರಿಂಗ್ ಪ್ರಶಸ್ತಿ ಪಡೆದು, ಆ ಗೌರವಕ್ಕೆ ಪಾತ್ರರಾದ ಮೊದಲ ಮಹಿಳೆಯೆನಿಸಿದರು.

ಕಂಪೈಲರಿನ ಅನೇಕ ತನಿಖೆಗಳು ಈ ನಕ್ಷೆಯಲ್ಲಿ ತಿರುಗಾಡಬೇಕು. ನಾವು ಲೆಡ್ಜರಿನಲ್ಲಿ ಟಿಕ್ ಹಾಕುವಂತೆ, ನೋಡಿದ ಬ್ಲಾಕಿಗೆ ಗುರುತಿಡದಿದ್ದರೆ ಆ ಚಕ್ರದಲ್ಲಿ ಸುತ್ತುವುದಕ್ಕೆ ಕೊನೆಯೇ ಇಲ್ಲ. 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ವ್ಯವಸ್ಥೆಯಲ್ಲಿ ಈ ತಿರುಗಾಟವನ್ನು ‘ಇಟರೇಟರ್’ ಎಂಬ ಬೇರೆಯೇ ಆಳಿಗೆ ಒಪ್ಪಿಸಿದ್ದಾರೆ. ಪ್ರವೇಶ ಯಾವುದು, ಮುಂದಿನ ದಾರಿಗಳಾವುವು ಎಂದಷ್ಟೇ ತಿಳಿಸಿದರೆ ಸಾಕು. ಅದು ಒಂದೊಂದೇ ಬ್ಲಾಕನ್ನು ತಂದೊಪ್ಪಿಸುತ್ತದೆ. ತನಿಖೆ ಮಾಡುವವರು ತನಿಖೆಯನ್ನಷ್ಟೇ ಮಾಡಿದರಾಯಿತು.

ಯಾವ ಕ್ರಮದಲ್ಲಿ ನಡೆಯಬೇಕೆಂಬುದೂ ಮುಖ್ಯ. ಒಂದು ಬ್ಲಾಕಿನಿಂದ ಮುಂದಕ್ಕೆ ಹೋಗುವ ದಾರಿಗಳೆಲ್ಲ ಮುಗಿದ ಮೇಲೆ ಅದರ ಹೆಸರು ಬರೆದುಕೊಂಡು, ಕಡೆಗೆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಒಂದು ಕ್ರಮ. ಹಾಗೆ ಓದಿದರೆ ‘ಮುಂದಿನ ಖಾತೆ’ಗೆ ಬರುವ ಮೊದಲೇ ದಂಡದ ಕವಲು, ಬಡ್ಡಿಯ ಕವಲು ಎರಡರ ಸಮಾಚಾರವೂ ಕೈಯಲ್ಲಿರುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ಎಲ್‌ಎಲ್‌ವಿಎಂನಲ್ಲಿ ಈ ಪಟ್ಟಿ ಮೊದಲೇ ಪೂರ್ತಿಯಾಗಿ ಸಿದ್ಧವಾಗುತ್ತದೆ. ನಡುವೆ ಯಾರಾದರೂ ಒಂದು ಬ್ಲಾಕನ್ನು ಅಳಿಸಿದರೆ ಪಟ್ಟಿಗೆ ಅದು ತಿಳಿಯದು. ಕೆಡವಿದ ಮನೆಯ ವಿಳಾಸ ಹಿಡಿದು ಹೊರಟ ಅಂಚೆಯವನ ಪಾಡಾಗುತ್ತದೆ. ಪಟ್ಟಿಯನ್ನು ಹೊಸದಾಗಿ ಮಾಡಲೇಬೇಕು. ಮಾಡಲು ನಕ್ಷೆಯನ್ನೆಲ್ಲ ಮತ್ತೆ ಸುತ್ತಬೇಕಾದ್ದರಿಂದ ಸುಮ್ಮಸುಮ್ಮನೆ ಮಾಡಲೂ ಬಾರದು.

ಇದನ್ನೆಲ್ಲ ಕನ್ನಡದಲ್ಲಿ ಹೇಳಬಹುದೆಂಬುದಕ್ಕೆ ಈ ನಾಲ್ಕು ಮಾತೇ ಸಾಕ್ಷಿ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳನ್ನು ಅವರ ಕೆಲಸದ ವಿಷಯ ಕೇಳೋಣ. ಅವರು ಕನ್ನಡದಲ್ಲಿ ಹೇಳಲಿ, ಕೇಳುವ ತಾಳ್ಮೆ ನಮಗಿರಲಿ.