ಕೊರಳಲ್ಲಿ ಮುಡಿಪು ಕಟ್ಟಿಕೊಂಡ ನಾಯಿ



2024ರ ಆಷಾಢದಲ್ಲಿ ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲ್ಲೂಕಿನ ಯಮಗರ್ಣಿಯಿಂದ ಬಂದ ಸುದ್ದಿಯೊಂದನ್ನು ನೀವು ಓದಿರಬಹುದು. ಆ ಊರಿನವರೊಬ್ಬರು ಪ್ರತಿ ವರ್ಷದಂತೆ ಪಂಢರಪುರದ ವಿಠೋಬನ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಹೊರಟರು. ಮಹಾರಾಜ ಎಂಬ ನಾಯಿಯೂ ಅವರ ಹಿಂದೆ ಹೊರಟಿತು. ಸುಮಾರು 250 ಕಿಲೋಮೀಟರು ದಾರಿ. ಭಜನೆಯವರ ಜೊತೆಜೊತೆಗೇ ನಡೆಯಿತು. ದರ್ಶನ ಮುಗಿಸಿ ಹೊರಗೆ ಬಂದು ನೋಡಿದರೆ ನಾಯಿ ಇಲ್ಲ. ಹುಡುಕಿದರು, ಸಿಗಲಿಲ್ಲ. ಬೇರೆ ಯಾರದೋ ಗುಂಪಿನ ಹಿಂದೆ ಹೋಯಿತು ಎಂದರು ಅಲ್ಲಿದ್ದವರು. ಮನಸ್ಸು ಭಾರ ಮಾಡಿಕೊಂಡು ಅವರು ಊರಿಗೆ ಮರಳಿದರು. ಮಾರನೆಯ ದಿನ ಮನೆ ಮುಂದೆ ಮಹಾರಾಜ ಬಾಲ ಆಡಿಸುತ್ತ ನಿಂತಿತ್ತು! ಊರವರು ಅದಕ್ಕೆ ಹಾರ ಹಾಕಿದರು, ಊಟ ಹಾಕಿಸಿದರು.

ಪವಾಡ ಅಂದರು ಬಹಳ ಮಂದಿ. ನನ್ನ ಮನಸ್ಸು ಮಾತ್ರ ಆ ದಾರಿಯಲ್ಲೇ ಉಳಿಯಿತು. ಅಷ್ಟು ದೂರ ಒಂಟಿಯಾಗಿ ಬಂದ ನಾಯಿಗೆ ಯಾರೋ ಒಂದು ತುಂಡು ರೊಟ್ಟಿ ಹಾಕಿದ್ದಾರೆ. ಯಾರೋ ನೀರು ಕುಡಿಯಲು ಬಿಟ್ಟಿದ್ದಾರೆ. ಕಲ್ಲು ಎತ್ತಿದ ಹುಡುಗನನ್ನು ಯಾರೋ ಗದರಿದ್ದಾರೆ. ಇಷ್ಟಾಗದೆ ನಾಯಿ ಊರು ಸೇರುವುದಿಲ್ಲ. ಆ ದಾರಿಯ ಸಣ್ಣ ಊರುಗಳ ಹೆಸರು ಯಾವ ಸುದ್ದಿಯಲ್ಲೂ ಬರಲಿಲ್ಲ. ಅಂಥ ಊರುಗಳನ್ನೇ ನಂಬಿಕೊಂಡು, ನಾಯಿಗಳನ್ನು ಯಾತ್ರೆಗೆ ಕಳಿಸುತ್ತಿದ್ದ ಒಂದು ಕಾಲ ಜಪಾನಿನಲ್ಲಿತ್ತು. ಇವತ್ತು ಆ ನಾಯಿಗಳ ವಿಚಾರ ಹೇಳುತ್ತೇನೆ. ಅವು ಹೋಗುತ್ತಿದ್ದ ಪೇಟೆಗೆ ಈಗ ನಾವು ನಾಯಿ ಕರೆದುಕೊಂಡು ಹೋದರೆ ಏನೇನು ಕಾಣುತ್ತದೆ ಎಂಬುದನ್ನೂ ಹೇಳುತ್ತೇನೆ.

ಜಪಾನಿನ ಮಿಯೆ ಪ್ರಾಂತ್ಯದಲ್ಲಿ ಇಸೆ ಎಂಬ ಊರಿದೆ. ಅಲ್ಲಿ ಸೂರ್ಯದೇವತೆ ಅಮತೆರಾಸುವಿನ ಒಳಗುಡಿ, ಅನ್ನದ ದೇವತೆ ತೊಯೊಉಕೆಯ ಹೊರಗುಡಿ. ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸದಾಗಿ ಮರದ ಗುಡಿ ಕಟ್ಟಿ ದೇವರನ್ನು ಅಲ್ಲಿಗೆ ಬಿಜಯಮಾಡಿಸುತ್ತಾರೆ. 2013ರಲ್ಲಿ ಆಯಿತು, ಮುಂದಿನದು 2033ಕ್ಕೆ. ಎದೋ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗೆ, ರೈತಾಪಿ ಜನ ಮನಸ್ಸು ಬಂದಂತೆ ಊರು ಬಿಟ್ಟು ಹೋಗುವ ಹಾಗಿರಲಿಲ್ಲ. ಇಸೆಗೆ ಹೋಗುತ್ತೇನೆ ಎಂದರೆ ಮಾತ್ರ ದಾರಿ ಸುಲಭವಾಗುತ್ತಿತ್ತು. ಎದೋದಿಂದ, ಅಂದರೆ ಈಗಿನ ಟೋಕಿಯೋದಿಂದ, ಎರಡು ವಾರದ ನಡಿಗೆ. ಖರ್ಚಿಗೆ ಹಳ್ಳಿಹಳ್ಳಿಯಲ್ಲೂ ಚೀಟಿ ಹಾಕುತ್ತಿದ್ದರು. ಎಲ್ಲರೂ ಒಂದಷ್ಟು ದುಡ್ಡು ಕೂಡಿಸಿ, ಚೀಟಿ ಎತ್ತಿ, ಹೆಸರು ಬಂದವರನ್ನು ಊರಿನ ಪರವಾಗಿ ಕಳಿಸುವುದು. ಅವರು ಎಲ್ಲರ ಹೆಸರಿನಲ್ಲೂ ಕೈ ಮುಗಿದು, ಎಲ್ಲರ ಮನೆಗೂ ಪ್ರಸಾದ ತರಬೇಕು. ತಿರುಪತಿಗೆ ಹೊರಟವರ ಕೈಗೆ ನಮ್ಮ ಅಜ್ಜಿಯರು ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ಕೊಡುತ್ತಿದ್ದರಲ್ಲ, ಅದೇ ನಂಬಿಕೆ. ದೇವರಿಗೆ ಮುಟ್ಟಬೇಕಾದದ್ದು ಮುಟ್ಟಿದರಾಯಿತು, ಯಾರ ಕಾಲಿನಲ್ಲಿ ಹೋಯಿತೆಂಬುದು ಲೆಕ್ಕಕ್ಕಿಲ್ಲ.

ಹಾಗಿದ್ದಮೇಲೆ ನಾಲ್ಕು ಕಾಲಾದರೇನು?

ಕಾಯಿಲೆ ಬಿದ್ದವರು, ಮುದುಕರು, ಕೆಲಸ ಬಿಟ್ಟು ಹೋಗಲಾಗದವರು ನಾಯಿಯ ಕೊರಳಿಗೆ ಹುರಿಹಗ್ಗ ಕಟ್ಟಿ, ಅದಕ್ಕೆ ಕಾಸಿನ ಚೀಲ ತೂಗುಹಾಕಿ, ಯಾವ ಊರಿನದು, ಎಲ್ಲಿಗೆ ಹೊರಟಿದೆ ಎಂದು ಬರೆದು, ಆ ಕಡೆಗೆ ಹೊರಟ ಯಾತ್ರಿಕರ ಜೊತೆ ಕಳಿಸುತ್ತಿದ್ದರು. ಇವಕ್ಕೆ ಒಕಾಗೆ-ಇನು ಎಂದು ಹೆಸರು. ಇನು ಎಂದರೆ ನಾಯಿ. ಒಕಾಗೆ ಎಂಬುದನ್ನು ಹೇಗೆ ಹೇಳಲಿ? ‘ಹೇಗಿದ್ದೀರಿ’ ಎಂದು ಕೇಳಿದರೆ ನಮ್ಮಲ್ಲಿ ಹಿರಿಯರು ‘ನಿಮ್ಮ ದಯದಿಂದ ಚೆನ್ನಾಗಿದ್ದೀವಪ್ಪ’ ಅನ್ನುತ್ತಾರಲ್ಲ, ಜಪಾನಿನಲ್ಲೂ ಇವತ್ತಿಗೂ ಹಾಗೇ ಅನ್ನುತ್ತಾರೆ: ಒಕಾಗೆಸಾಮಾ ದೆ. ಆ ‘ದಯದಿಂದ’ ಎಂಬುದೇ ಒಕಾಗೆ. ಹತ್ತಾರು ಊರಿನವರ ದಯದಿಂದ ನಡೆದ ನಾಯಿ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಸುಮಾರು 60 ವರ್ಷಕ್ಕೊಮ್ಮೆ ಇಸೆಗೆ ಜನ ಪ್ರವಾಹದಂತೆ ಹರಿದುಬರುತ್ತಿತ್ತು. 1705, 1771, 1830ರ ಯಾತ್ರೆಗಳು ಹೆಸರಾದವು. ಕೆಲವೇ ತಿಂಗಳಲ್ಲಿ ಲಕ್ಷಗಟ್ಟಲೆ ಜನ. ಯಜಮಾನನಿಗೆ ಹೇಳದೆ ಕೆಲಸದಾಳುಗಳು, ಅಪ್ಪ ಅಮ್ಮನಿಗೆ ಹೇಳದೆ ಮಕ್ಕಳು ಓಡಿಬರುತ್ತಿದ್ದರು. ಕೈಯಲ್ಲಿ ಮರದ ಒಂದು ಸೌಟು ಹಿಡಿದಿದ್ದರೆ ಸಾಕು, ದಾರಿಯ ಊರುಗಳು ಅನ್ನ ಹಾಕುತ್ತಿದ್ದವು. ನಾಯಿ ಬಂದ ಮೊದಲ ದಾಖಲೆಯೂ 1771ರದೇ. ಈಗಿನ ಕ್ಯೋಟೋ ಕಡೆಯ ಯಾಮಾಶಿರೋ ಸೀಮೆಯ ನಾಯಿಯೊಂದು ಹೊರಗುಡಿಯ ಅಂಗಳಕ್ಕೆ ಬಂದು ದೇವರ ಮುಂದೆ ಅಡ್ಡಬಿದ್ದಂತೆ ಮಲಗಿತಂತೆ. ನಾಯಿ ಎಂದರೆ ಮೈಲಿಗೆ, ಆವರಣದಿಂದ ಓಡಿಸಬೇಕು ಎಂಬುದು ಅಲ್ಲಿನ ಕಟ್ಟಳೆ. ಅಂಥ ಗುಡಿಯವರೇ ಆ ನಾಯಿಯ ಕೊರಳಿಗೆ ದೇವರ ಹೆಸರಿನ ರಕ್ಷಾಪಟ್ಟಿಯನ್ನು ಕಟ್ಟಿ ಕಳಿಸಿದರು. ಕಟ್ಟಳೆ ಕಾಯುವವರ ಕೈ ಆ ಗಳಿಗೆಯಲ್ಲಿ ಮೆತ್ತಗಾಯಿತಲ್ಲ, ಅದನ್ನು ನೆನೆದರೆ ನನಗೆ ಈಗಲೂ ಸಂತೋಷವಾಗುತ್ತದೆ.

ಆಮೇಲೆ ನಾಯಿಗಳು ಬರುತ್ತಲೇ ಇದ್ದವು. ಚಿತ್ರಕಾರ ಹಿರೋಶಿಗೆ ಇಸೆ ಯಾತ್ರಿಕರು ಮಿಯಾಗಾವಾ ನದಿ ದಾಟುವುದನ್ನು ಮರದಚ್ಚಿನ ಚಿತ್ರವಾಗಿ ಮಾಡಿದಾಗ ಆ ಜನಜಂಗುಳಿಯಲ್ಲಿ ಒಂದು ನಾಯಿಗೂ ಜಾಗ ಕೊಟ್ಟ. 1855ರ ಚಿತ್ರ ಅದು. ಜಪಾನಿನ ಈಶಾನ್ಯಕ್ಕೆ, ಈಗಿನ ಫುಕುಶಿಮಾ ಪ್ರಾಂತ್ಯದಲ್ಲಿ ಸುಕಾಗಾವಾ ಎಂಬ ಪೇಟೆಯಿದೆ. ಅಲ್ಲಿನ ಒಂದು ಪಟೇಲರಂಥ ಮನೆತನದವರು ಪ್ರತಿ ವರ್ಷ ಇಸೆಗೆ ಹೋಗುವವರು, ಒಂದು ವರ್ಷ ಹೋಗಲಾಗದೆ, ಶಿರೋ ಎಂಬ ನಾಯಿಯನ್ನು ಕಳಿಸಿದರು. ಶಿರೋ ಎಂದರೆ ಬಿಳಿಯ. ನಮ್ಮ ಕರಿಯ, ಕೆಂಚ ಎಂಬಂಥ ಹೆಸರು. ಎರಡು ತಿಂಗಳಾದ ಮೇಲೆ ನಾಯಿ ಮರಳಿ ಬಂತು. ಕೊರಳ ಚೀಲದಲ್ಲಿ ದೇವರ ರಕ್ಷೆಯಿತ್ತು, ಕಾಣಿಕೆ ಸಂದಾಯವಾದ ರಸೀದಿಯಿತ್ತು, ದಾರಿಯಲ್ಲಿ ಅದರ ಊಟಕ್ಕೆ ಯಾರು ಎಷ್ಟು ತೆಗೆದುಕೊಂಡರು ಎಂಬ ಲೆಕ್ಕವಿತ್ತು, ಉಳಿದ ಚಿಲ್ಲರೆಯೂ ಇತ್ತು. ಶಿರೋ ಸತ್ತಾಗ ಅಲ್ಲಿನ ಜೂನೆಂಜಿ ಎಂಬ ಬೌದ್ಧ ಮಂದಿರದಲ್ಲಿ ಅದಕ್ಕೊಂದು ಗದ್ದುಗೆ ಕಟ್ಟಿದರು. ಇವತ್ತಿಗೂ ಇದೆ.

ನಾಯಿಯ ನೆನಪಿಗೆ ಕಲ್ಲು ನಿಲ್ಲಿಸುವುದು ಕನ್ನಡಿಗರಿಗೆ ಹೊಸದಲ್ಲ. ಮದ್ದೂರಿನ ಬಳಿಯ ಆತಕೂರಿನಲ್ಲಿ ಸುಮಾರು 950ರಲ್ಲಿ ಹಾಕಿಸಿದ ಶಾಸನ ಕಾಳಿ ಎಂಬ ನಾಯಿಯದು. ಹಂದಿಯ ಜೊತೆ ಕಾದಾಡಿ ಸತ್ತ ಆ ನಾಯಿಗೆ ಯಜಮಾನ ಮಣಲೇರ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಗುಡಿಯ ಗೊರವ ಉಣ್ಣಬಾರದು ಎಂದು ಬರೆಸಿದ. ಕಾಳಿಯದು ವೀರಮರಣ. ಶಿರೋ ಮಾಡಿದ್ದು ನಂಬಿದ ಕೆಲಸ. ಎರಡಕ್ಕೂ ಕಲ್ಲು ಸಲ್ಲುತ್ತದೆ.

ನಾಯಿಗೆ ಇಸೆ ಎಲ್ಲಿ ಗೊತ್ತಿತ್ತು ಎಂದು ನೀವು ಕೇಳಬಹುದು. ಗೊತ್ತಿರಲಿಲ್ಲ. ಕೊರಳ ಹಗ್ಗ ನೋಡಿದ ಯಾತ್ರಿಕರು ಅದನ್ನು ಜೊತೆಗೆ ಕರೆದುಕೊಳ್ಳುತ್ತಿದ್ದರು. ಅವರು ತಂಗಿದಲ್ಲಿ ತಂಗುತ್ತಿತ್ತು. ಒಂದು ಊರಿನವರು ಮುಂದಿನ ಊರಿನವರೆಗೆ ಬಿಟ್ಟುಬರುತ್ತಿದ್ದರು. ಅಂಗಡಿಯವನು ಚೀಲದಿಂದ ಊಟದ ಕಾಸು ಮಾತ್ರ ತೆಗೆದುಕೊಂಡರೆ, ಪುಣ್ಯದ ಕೆಲಸಕ್ಕೆ ನನ್ನದೂ ಇರಲಿ ಎಂದು ಮತ್ತೊಬ್ಬ ಎರಡು ಕಾಸು ಸೇರಿಸುತ್ತಿದ್ದ. ಕಾಸು ಕೂಡಿ ಭಾರವಾದಾಗ, ಪಾಪ ನಾಯಿಗೆ ಕತ್ತು ನೋಯುತ್ತದೆ ಎಂದು ತಾಮ್ರದ ಕಾಸು ತೆಗೆದು ಅಷ್ಟೇ ಬೆಲೆಯ ಹಗುರ ಬೆಳ್ಳಿ ನಾಣ್ಯ ಹಾಕಿ ಕಳಿಸುತ್ತಿದ್ದರೆಂಬ ಮಾತೂ ಉಳಿದುಬಂದಿದೆ. ರಸ್ತೆಯಲ್ಲಿ ಒಂಟಿಯಾಗಿ ಬರುವ ದುಡ್ಡಿನ ಚೀಲವನ್ನು ಯಾರು ಬೇಕಾದರೂ ಬಿಚ್ಚಬಹುದಿತ್ತು. ಎರಡು ತಿಂಗಳ ದಾರಿಯಲ್ಲಿ ಶಿರೋನ ಚೀಲವನ್ನು ಯಾರೂ ಕದಿಯಲಿಲ್ಲ.

ಈ ಪದ್ಧತಿ ನಿಂತದ್ದು 1870ರ ದಶಕದಿಂದೀಚೆಗೆ. ಅದಕ್ಕೆ ಮೊದಲು ಜಪಾನಿನ ನಾಯಿಗಳು ಬಹುಪಾಲು ನಮ್ಮ ಊರನಾಯಿಗಳಂತೆ, ಒಬ್ಬ ಯಜಮಾನನಿಲ್ಲದೆ ಇಡೀ ಕೇರಿಗೆ ಸೇರಿದವು. ಎದೋ ಕಾಲದ ನಂತರದ ಮೇಜಿ ಸರ್ಕಾರದ ಹೊಸ ನಿಯಮಗಳು ಬಂದು, ಕೊರಳಲ್ಲಿ ಯಜಮಾನನ ಹೆಸರಿನ ಬಿಲ್ಲೆ ಇಲ್ಲದ ನಾಯಿಯನ್ನು ಕೊಲ್ಲಬಹುದೆಂದಾಯಿತು. ಮುಂದೆ 1950ರಲ್ಲಿ ರೇಬೀಸ್ ತಡೆ ಕಾಯಿದೆ ಬಂತು: ಪ್ರತಿ ನಾಯಿಗೂ ನೋಂದಣಿ, ಕಡ್ಡಾಯ ಚುಚ್ಚುಮದ್ದು. 1957ರ ಹೊತ್ತಿಗೆ ದೇಶದೊಳಗೆ ರೇಬೀಸ್ ಇಲ್ಲವಾಯಿತು. ಇದು ದೊಡ್ಡ ಸಾಧನೆ. ಹುಚ್ಚುನಾಯಿ ಕಡಿತಕ್ಕೆ ಇಂದಿಗೂ ಮಕ್ಕಳನ್ನು ಕಳೆದುಕೊಳ್ಳುವ ದೇಶದಲ್ಲಿ ಕೂತು, ಹಳೆಯ ಕಾಲವೇ ಚೆನ್ನಿತ್ತು ಎಂದು ನಾನು ಹೇಳಲಾರೆ. ಆದರೂ ಬೀದಿಯಲ್ಲಿ ತಾನಾಗಿ ನಡೆಯುವ ನಾಯಿ ಆ ದೇಶದ ಊರುಗಳಿಂದ ಹೊರಟುಹೋಯಿತು ಎಂಬುದೂ ನಿಜ.

ಈಗ ಇಸೆಗೆ ನಾಯಿ ಹೋಗುವುದು ಯಜಮಾನನ ಜೊತೆ, ಹಗ್ಗ ಹಿಡಿಸಿಕೊಂಡು. ರೈಲಿನಲ್ಲಾದರೆ ಸಣ್ಣ ನಾಯಿಗೆ ಮಾತ್ರ ಅವಕಾಶ. ಜಪಾನ್ ರೈಲ್ವೆಯ ಜೆಆರ್ ರೈಲುಗಳಲ್ಲಿ ಪೆಟ್ಟಿಗೆ ಸೇರಿ 10 ಕಿಲೋ ಮೀರಬಾರದು, ತಲೆ ಕೂಡ ಹೊರಗೆ ಕಾಣಬಾರದು. ಹಾಗಾಗಿ ದೊಡ್ಡ ನಾಯಿಯವರು ಕಾರಿನಲ್ಲೇ ಬರುತ್ತಾರೆ. ನಗೋಯಾದಿಂದ ಬರುವ ಕಿಂತೆತ್ಸು ರೈಲು ದಾರಿಯಲ್ಲಿ ಹಿಸಾಯಿ ಎಂಬ ನಿಲ್ದಾಣ ಸಿಗುತ್ತದೆ. ಹಚಿಕೋ ಎಂಬ ನಾಯಿಯ ಕತೆ ನಿಮಗೆ ಗೊತ್ತು. ಸತ್ತ ಯಜಮಾನನಿಗಾಗಿ ಟೋಕಿಯೋದ ಶಿಬುಯಾ ನಿಲ್ದಾಣದಲ್ಲಿ 1935ರವರೆಗೆ ಕಾದದ್ದು. ಆ ಯಜಮಾನ, ಪ್ರೊಫೆಸರ್ ಉಯೆನೊ, ಈ ಹಿಸಾಯಿಯವರು. ಶಿಬುಯಾದ ಪ್ರತಿಮೆಯಲ್ಲಿ ಹಚಿಕೋ ಒಂದೇ ಕೂತಿದೆ. ಇಲ್ಲಿ 2012ರಲ್ಲಿ ನಿಲ್ಲಿಸಿದ ಪ್ರತಿಮೆಯಲ್ಲಿ ಇಬ್ಬರೂ ಜೊತೆಗಿದ್ದಾರೆ.

ಒಳಗುಡಿಯ ಮುಂದಿನ ಪೇಟೆಬೀದಿಗೆ ಒಹರಾಯಿಮಾಚಿ ಎಂದು ಹೆಸರು. ಇಸುಜು ನದಿಯ ದಂಡೆಗುಂಟ ಸುಮಾರು 800 ಮೀಟರು, ಎರಡೂ ಕಡೆ ಹಳೆಯ ಮಾದರಿಯ ಮರದ ಅಂಗಡಿಗಳು. ಇದರ ನಡುವೆ 1993ರಲ್ಲಿ ಒಕಾಗೆ ಯೊಕೊಚೊ ಎಂಬ ಸಣ್ಣ ಕೇರಿಯನ್ನು ಹಳೆಯ ಕಾಲದ ಚೆಹರೆಯಲ್ಲಿ ಕಟ್ಟಿದರು. ಒಣಮೀನು, ಉಪ್ಪಿನಕಾಯಿ, ಕಪ್ಪು ರಸದಲ್ಲಿ ಮುಳುಗಿದ ದಪ್ಪ ಶಾವಿಗೆಯಂಥ ಇಸೆ ಉದೊನ್ ಎಲ್ಲ ಸಿಗುತ್ತವೆ. ಅಕಫುಕು ಎಂಬ ಮಿಠಾಯಿ ಅಂಗಡಿ 1707ರದು. ಮೆತ್ತನೆಯ ಅಂಟಕ್ಕಿಯ ಉಂಡೆಯ ಮೇಲೆ ಕೆಂಪುಕಾಳಿನ ಹೂರಣ, ಹೂರಣದ ಮೇಲೆ ಬೆರಳಿನ ಗೆರೆಗಳು. ಗೆರೆ ಇಸುಜು ನದಿಯ ನೀರು, ಬಿಳಿ ಉಂಡೆ ನದಿತಳದ ಕಲ್ಲು. ಜನವರಿ ಬಿಟ್ಟರೆ ಪ್ರತಿ ತಿಂಗಳ ಒಂದನೇ ತಾರೀಕು ಬೆಳಕು ಹರಿಯುವ ಮೊದಲೇ ಇಲ್ಲಿ ಬೆಳಗಿನ ಸಂತೆ. ಕಳೆದ ತಿಂಗಳಿಗೆ ಕೃತಜ್ಞತೆ ಹೇಳಲು ಬರುವವರು ಸಂತೆ ಮಾಡಿಕೊಂಡು ಹೋಗುತ್ತಾರೆ.

ನಾಯಿ ತಂದವರು ಈ ಬೀದಿಯಲ್ಲಿ ನಡೆಯುವ ರೀತಿ ನೋಡಬೇಕು. ಹಗ್ಗ ಗಿಡ್ಡವಾಗಿ ಹಿಡಿದಿರುತ್ತಾರೆ. ನಾಯಿ ಉಚ್ಚೆ ಹೊಯ್ದರೆ ಚೀಲದಿಂದ ಬಾಟಲಿ ತೆಗೆದು ಅಲ್ಲೇ ನೀರು ಸುರಿಯುತ್ತಾರೆ. ಹೇಲು ಬಾಚಿಕೊಂಡು ಮನೆಗೇ ಒಯ್ಯುತ್ತಾರೆ. ಬೀದಿಯಲ್ಲಿ ಕಸದ ಬುಟ್ಟಿ ಹುಡುಕುವ ಪದ್ಧತಿಯಿಲ್ಲ. ಅಂಗಡಿಯೊಳಗೆ ನುಗ್ಗುವುದಿಲ್ಲ, ಕೇಳುತ್ತಾರೆ. ಕಣ್ಣು ಕಾಣದವರ ಮಾರ್ಗದರ್ಶಿ ನಾಯಿಯಂಥ, ಅಂಗವಿಕಲರ ಸಹಾಯಕ ನಾಯಿಗಳಿಗೆ ಮಾತ್ರ 2002ರ ಕಾಯಿದೆ ಅಂಗಡಿ, ಹೋಟೆಲು, ರೈಲುಗಳ ಬಾಗಿಲು ತೆರೆಸಿದೆ. ಅಂಗಡಿಗಳಲ್ಲಿ ಕೊರಳಿಗೆ ಹಗ್ಗ ಕಟ್ಟಿದ ಪುಟ್ಟ ಪುಟ್ಟ ಒಕಾಗೆ ನಾಯಿ ಗೊಂಬೆಗಳು ಸಾಲಾಗಿ ಕೂತಿರುತ್ತವೆ.

ಬೀದಿಯ ಕೊನೆಗೆ ಉಜಿ ಸೇತುವೆ, ನೂರು ಮೀಟರಿಗೂ ತುಸು ಉದ್ದದ ಮರದ ಸೇತುವೆ. ಅಲ್ಲಿಂದಾಚೆ ದೇವರ ಆವರಣ, ಸಾಕುನಾಯಿ ದಾಟುವಂತಿಲ್ಲ. 1771ರಲ್ಲಿ ಸಡಿಲಾದ ಕಟ್ಟಳೆ ಈಗ ಮತ್ತೆ ಬಿಗಿಯಾಗಿದೆ. ಆದರೆ ಗುಡಿಯವರು ನಾಯಿಯನ್ನು ಬಿಸಿಲಿಗೆ ಕಂಬಕ್ಕೆ ಕಟ್ಟಿ ಹೋಗಿ ಎನ್ನುವುದಿಲ್ಲ. ಸೇತುವೆಯ ಬಳಿಯ ಕಾವಲು ಕೋಣೆಯಲ್ಲಿ ನಾಯಿಗಳನ್ನು ನೋಡಿಕೊಳ್ಳಲೆಂದೇ ಏರ್ಪಾಡು ಮಾಡಿದ್ದಾರೆ. ನಾಯಿಯನ್ನು ಅಲ್ಲಿ ಒಪ್ಪಿಸಿ, ಯಜಮಾನರು ಸೇತುವೆ ದಾಟಿ, ಈ ಸಲ ನಾಯಿಯ ಹೆಸರಿನಲ್ಲೂ ಸೇರಿಸಿ ಕೈ ಮುಗಿದು ಬರುತ್ತಾರೆ. ಬರುವಷ್ಟರಲ್ಲಿ ಸಂತೆಯ ಮೇಲೆ ಬಿಸಿಲು ಬಿದ್ದಿರುತ್ತದೆ. ಸೇತುವೆಯ ಮರದ ಹಲಗೆಯ ಮೇಲೆ ಹೆಜ್ಜೆ ಸಪ್ಪಳ ಹತ್ತಿರವಾದಂತೆ, ಕಾವಲು ಕೋಣೆಯೊಳಗಿನ ನಾಯಿ ಎದ್ದು ನಿಲ್ಲುತ್ತದೆ.